‘ಮಾಲೀಕರು ಈಗ ಸಿಗುವುದಿಲ್ಲ’: ಹಳೆಯ ಸ್ಮಾರ್ಟ್‌ಫೋನಿನೊಳಗಿನ ಉತ್ತರಿಸುವ ಯಂತ್ರ



ನೀವು ಒಬ್ಬರಿಗೆ ಕರೆ ಮಾಡುತ್ತೀರಿ. ಗಂಟೆ ಬಾರಿಸುತ್ತಲೇ ಇದೆ, ಯಾರೂ ಎತ್ತುತ್ತಿಲ್ಲ. ಇನ್ನೇನು ಇಟ್ಟುಬಿಡಬೇಕು ಎನ್ನುವಷ್ಟರಲ್ಲಿ ಪರಿಚಿತ ಧ್ವನಿ ಕೇಳಿಸುತ್ತದೆ. ನೀವು ಸಡಗರದಿಂದ ‘ಹಲೋ’ ಎನ್ನುತ್ತೀರಿ. ಆ ಧ್ವನಿ ನಿಮ್ಮ ‘ಹಲೋ’ಗೆ ಕಿವಿಗೊಡದೆ ತನ್ನ ಪಾಠ ಒಪ್ಪಿಸುತ್ತದೆ: ‘ನಾನೀಗ ಸಿಗುವುದಿಲ್ಲ. ಬೀಪ್ ಶಬ್ದದ ನಂತರ ನಿಮ್ಮ ಮಾತು ಹೇಳಿ.’ ಆಗ ನಿಮಗೆ ತಿಳಿಯುತ್ತದೆ, ಎತ್ತಿದ್ದು ಮನುಷ್ಯನಲ್ಲ, ಯಂತ್ರ ಎಂದು.

ಈ ಯಂತ್ರಕ್ಕೆ ‘ಆನ್ಸರಿಂಗ್ ಮಷೀನ್’ ಎಂದು ಹೆಸರು. ಒಂದು ಕಾಲಕ್ಕೆ ಇದು ದೂರವಾಣಿಯ ಪಕ್ಕದಲ್ಲಿ ಇಡುವ ಪೆಟ್ಟಿಗೆಯಾಗಿತ್ತು. ಮುಂದೆ ಇದು ಕರಗಿ ತಂತ್ರಾಂಶವಾಗಿ, ಅಂಗೈಯೊಳಗಿನ ಸ್ಮಾರ್ಟ್‌ಫೋನನ್ನು ಸೇರಿತು. ಆ ತಂತ್ರಾಂಶ ಹೇಗೆ ಕೆಲಸ ಮಾಡುತ್ತಿತ್ತು, ಅದಕ್ಕೆ ಎದುರಾದ ತೊಡಕುಗಳೇನು, ಅದು ಮುದ್ರಿಸಿಟ್ಟ ಧ್ವನಿ ಕೊನೆಗೆ ಯಾರ ಬಳಿ ಉಳಿಯುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಪೆಟ್ಟಿಗೆಯ ಕಾಲ

ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸನ್ ಎಂಬ ಯುವಕ ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿ ಕೆಲಸದಲ್ಲಿದ್ದ. 1898ರಲ್ಲಿ ಆತ ಉಕ್ಕಿನ ತಂತಿಯ ಮೇಲೆ ಕಾಂತಶಕ್ತಿಯಿಂದ ಧ್ವನಿಯನ್ನು ಮುದ್ರಿಸುವ ಉಪಕರಣಕ್ಕೆ ಹಕ್ಕುಪತ್ರ ಕೋರಿದ. ಅದರ ಹೆಸರು ‘ಟೆಲಿಗ್ರಾಫೋನ್’. ಮುಂದೆ ಬಂದ ಟೇಪ್ ರೆಕಾರ್ಡರಿಗೆ ಇದೇ ಮೂಲಪುರುಷ. ಆದರೆ ಪೌಲ್ಸನ್ನನ ಮನಸ್ಸಿನಲ್ಲಿ ಇದ್ದದ್ದು ಸಂಗೀತವಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ದೂರವಾಣಿಯಲ್ಲಿ ಬಂದ ಮಾತನ್ನು ಹಿಡಿದಿಡಬೇಕು ಎಂಬುದೇ ಅವನ ಆಸೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಈ ಉಪಕರಣ ಆಸ್ಟ್ರಿಯಾದ ಚಕ್ರವರ್ತಿ ಫ್ರಾಂಜ್ ಜೋಸೆಫನ ಧ್ವನಿಯನ್ನು ಮುದ್ರಿಸಿಕೊಂಡಿತು.

ಆದರೂ ಮನೆಮನೆಗೆ ಇಂಥ ಯಂತ್ರ ಬರಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅಮೆರಿಕದಲ್ಲಿ ದೂರವಾಣಿ ಕಂಪನಿಯೇ ತಂತಿಯ ಒಡೆಯ. ತನ್ನ ತಂತಿಗೆ ಹೊರಗಿನವರ ಉಪಕರಣ ಜೋಡಿಸಲು ಅದು ಬಹುಕಾಲ ಬಿಡಲಿಲ್ಲ. 1968ರಲ್ಲಿ ‘ಕಾರ್ಟರ್‌ಫೋನ್’ ಎಂಬ ಉಪಕರಣದ ವಿಚಾರವಾಗಿ ಅಲ್ಲಿನ ಸಂಪರ್ಕ ಆಯೋಗ ತೀರ್ಪು ಕೊಟ್ಟ ಮೇಲೆ ಬಾಗಿಲು ತೆರೆಯಿತು. ಜಾಲಕ್ಕೆ ಹಾನಿಯಾಗದಿದ್ದರೆ ಗ್ರಾಹಕ ತನ್ನ ಉಪಕರಣವನ್ನು ಜೋಡಿಸಬಹುದು ಎಂಬುದು ಅದರ ಸಾರ. ಉತ್ತರ ಕೊಡುವ ಹಕ್ಕು ಯಾರದು ಎಂಬ ಈ ಪ್ರಶ್ನೆಯನ್ನು ನೆನಪಿನಲ್ಲಿಡಿ. ಅದು ಮತ್ತೆ ಬರುತ್ತದೆ.

ಪೆಟ್ಟಿಗೆ ತಂತ್ರಾಂಶವಾದಾಗ

1998ರಲ್ಲಿ ಸಯಾನ್, ನೋಕಿಯಾ, ಎರಿಕ್ಸನ್ ಮೊದಲಾದ ಕಂಪನಿಗಳು ಸೇರಿ ‘ಸಿಂಬಿಯನ್’ ಎಂಬ ಸಂಸ್ಥೆಯನ್ನು ಲಂಡನ್ನಿನಲ್ಲಿ ಕಟ್ಟಿದವು. ಮೊಬೈಲ್ ಫೋನಿಗೆಂದೇ ಒಂದು ಕಾರ್ಯನಿರ್ವಹಣಾ ವ್ಯವಸ್ಥೆಯನ್ನು ರೂಪಿಸುವುದು ಅದರ ಕೆಲಸ. 2003ರಲ್ಲಿ ಬಂದ ನೋಕಿಯಾ 6600 ಈ ವ್ಯವಸ್ಥೆಯ ಜನಪ್ರಿಯ ಫೋನು. ಅದರೊಳಗೆ ಸೆಕೆಂಡಿಗೆ 104 ದಶಲಕ್ಷ ಮಿಡಿತಗಳ ಸಂಸ್ಕಾರಕ, 6 ಮೆಗಾಬೈಟ್ ಸ್ಮೃತಿ, ಜೊತೆಗೆ 32 ಮೆಗಾಬೈಟಿನ ಒಂದು ಪುಟ್ಟ ಕಾರ್ಡು. ಇಂದಿನ ಫೋನಿನಲ್ಲಿ ತೆಗೆದ ಒಂದೇ ಚಿತ್ರ ಅದರ ಒಡಲಿನ ಸ್ಮೃತಿಯನ್ನು ತುಂಬಿಬಿಡಬಹುದು!

ಆದರೂ ಅದನ್ನು ಸ್ಮಾರ್ಟ್‌ಫೋನ್ ಎಂದು ಕರೆಯಲು ಕಾರಣವಿತ್ತು. ಹೊರಗಿನವರು ಬರೆದ ತಂತ್ರಾಂಶವನ್ನು ಅದರಲ್ಲಿ ಹಾಕಿಕೊಳ್ಳಬಹುದಾಗಿತ್ತು. ಹಾಗೆ ಬಂದವುಗಳಲ್ಲಿ ಉತ್ತರಿಸುವ ಯಂತ್ರದ ತಂತ್ರಾಂಶವೂ ಒಂದು. ಎತ್ತುವುದು, ಹೇಳುವುದು, ಕೇಳುವುದು, ಇಡುವುದು: ಇಷ್ಟೇ ಅದರ ಕೆಲಸ. ಈ ನಾಲ್ಕನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು: ಎತ್ತುವುದು

ಕರೆ ಬಂತೆಂದು ತಂತ್ರಾಂಶಕ್ಕೆ ತಿಳಿಯಬೇಕು. ‘ಬಂತೇ, ಬಂತೇ’ ಎಂದು ಕ್ಷಣಕ್ಷಣವೂ ಕೇಳುತ್ತಿದ್ದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಆದ್ದರಿಂದ ಸಿಂಬಿಯನ್ನಿನಲ್ಲಿ ತಂತ್ರಾಂಶ ನಿದ್ರಿಸುತ್ತಿರುತ್ತದೆ. ಕರೆಗಳನ್ನು ನೋಡಿಕೊಳ್ಳುವ ವ್ಯವಸ್ಥೆ ‘ಗಂಟೆ ಬಾರಿಸುತ್ತಿದೆ’ ಎಂದು ತಟ್ಟಿ ಎಬ್ಬಿಸುತ್ತದೆ. ಎದ್ದ ತಂತ್ರಾಂಶ ಕರೆ ಮಾಡಿದವರ ಸಂಖ್ಯೆಯನ್ನು ನೋಡುತ್ತದೆ, ಗಡಿಯಾರವನ್ನು ಚಾಲೂ ಮಾಡುತ್ತದೆ. ನೀವು ಹೇಳಿದಷ್ಟು ಸೆಕೆಂಡು ಕಾದು, ನೀವು ಎತ್ತದಿದ್ದರೆ ತಾನೇ ಎತ್ತುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಜಾಲಕ್ಕೂ ತನ್ನದೇ ಗಡಿಯಾರವಿದೆ. ‘ಎತ್ತದಿದ್ದರೆ ಬೇರೆ ಸಂಖ್ಯೆಗೆ ತಿರುಗಿಸು’ ಎಂದು ನೀವು ಜಾಲಕ್ಕೆ ಹೇಳಿದ್ದರೆ, ಅದು 5ರಿಂದ 30 ಸೆಕೆಂಡುಗಳೊಳಗೆ ನಿಗದಿಯಾದಷ್ಟು ಕಾದು ಕರೆಯನ್ನು ಕಿತ್ತುಕೊಳ್ಳುತ್ತದೆ. ಜಾಲದ ಗಡಿಯಾರ 20 ಸೆಕೆಂಡು, ನಿಮ್ಮ ತಂತ್ರಾಂಶದ್ದು 25 ಸೆಕೆಂಡು ಎಂದಿಟ್ಟುಕೊಳ್ಳಿ. ಆಗ ತಂತ್ರಾಂಶ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಒಂದು ಕರೆಯೂ ಸಿಗುವುದಿಲ್ಲ. ದೋಷ ತಂತ್ರಾಂಶದ್ದಲ್ಲ, ಐದು ಸೆಕೆಂಡಿನದು.

ಎರಡನೆಯದು: ಹೇಳುವುದು

ಮೊದಲೇ ಮುದ್ರಿಸಿಟ್ಟ ಮಾತನ್ನು ಕರೆ ಮಾಡಿದವರ ಕಿವಿಗೆ ಮುಟ್ಟಿಸಬೇಕು. ಇದು ಸುಲಭವೆಂದು ತೋರುತ್ತದೆ, ಆದರೆ ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ. ಸ್ಮಾರ್ಟ್‌ಫೋನಿನ ಒಳಗೆ ಎರಡು ಲೋಕಗಳಿವೆ. ಒಂದು, ಪರದೆ, ಕಡತ, ಆಟ, ತಂತ್ರಾಂಶಗಳ ಲೋಕ. ಇನ್ನೊಂದು, ಗೋಪುರದೊಡನೆ ರೇಡಿಯೋ ಮೂಲಕ ಮಾತನಾಡುವ ಲೋಕ. ನಿಮ್ಮ ಧ್ವನಿ ಮೈಕಿನಿಂದ ನೇರವಾಗಿ ಎರಡನೆಯ ಲೋಕಕ್ಕೆ ಹೋಗುತ್ತದೆ. ತಂತ್ರಾಂಶ ಇರುವುದು ಮೊದಲನೆಯ ಲೋಕದಲ್ಲಿ. ಫೋನು ತಯಾರಿಸಿದವರು ಇವೆರಡರ ನಡುವೆ ಬಾಗಿಲು ಇಟ್ಟಿದ್ದರೆ ಮಾತ್ರ ಮುದ್ರಿತ ಮಾತು ಕರೆಯೊಳಗೆ ಸೇರುತ್ತದೆ.

ಬಾಗಿಲಿಲ್ಲದ ಫೋನುಗಳಲ್ಲಿ ಉಳಿಯುವುದು ಒಂದೇ ಉಪಾಯ. ಧ್ವನಿವರ್ಧಕದಲ್ಲಿ ಗಟ್ಟಿಯಾಗಿ ಹೇಳುವುದು, ಪಕ್ಕದ ಮೈಕು ಅದನ್ನು ಕೇಳಿಸಿಕೊಳ್ಳುವುದು. ಆದರೆ ಧ್ವನಿವರ್ಧಕದ ಶಬ್ದ ಮೈಕಿಗೆ ಮರಳಿ ಪ್ರತಿಧ್ವನಿಯಾಗಬಾರದೆಂದು ಅದನ್ನು ಅಳಿಸಿಹಾಕುವ ಏರ್ಪಾಡು ಫೋನಿನಲ್ಲೇ ಇರುತ್ತದೆ. ಅದು ನಿಷ್ಠೆಯಿಂದ ನಮ್ಮ ಸ್ವಾಗತದ ಮಾತನ್ನೂ ಅಳಿಸುತ್ತದೆ. ಕರೆ ಮಾಡಿದವರಿಗೆ ಕೇಳುವುದು ಬರೀ ಗುಸುಗುಸು.

ಮೂರನೆಯದು: ಕೇಳುವುದು

ಬೀಪ್ ಆದ ಮೇಲೆ ಧ್ವನಿಯನ್ನು ಕಡತವಾಗಿ ಬರೆದಿಡಬೇಕು. ದೂರವಾಣಿಯ ಧ್ವನಿಯನ್ನು ಸೆಕೆಂಡಿಗೆ 8000 ಬಾರಿ ಅಳೆಯುತ್ತಾರೆ. ಪ್ರತಿ ಅಳತೆಗೆ 2 ಬೈಟ್ ಎಂದರೆ ಸೆಕೆಂಡಿಗೆ 16,000 ಬೈಟ್, ನಿಮಿಷಕ್ಕೆ 9,60,000 ಬೈಟ್. ಅಂದರೆ 6 ಮೆಗಾಬೈಟಿನಲ್ಲಿ ಆರು ನಿಮಿಷದ ಮಾತಿಗಷ್ಟೇ ಜಾಗ. ಇದಕ್ಕೆ ಪರಿಹಾರ ‘ಎಎಂಆರ್’ ಎಂಬ ಸಂಕೋಚನ ಕ್ರಮ. ಇದು ಧ್ವನಿಯನ್ನು ಸೆಕೆಂಡಿನ ಐವತ್ತನೇ ಒಂದು ಭಾಗದ ತುಣುಕುಗಳಾಗಿ ಕತ್ತರಿಸುತ್ತದೆ. ಮನುಷ್ಯನ ಗಂಟಲು ಮತ್ತು ಬಾಯಿ ಆ ತುಣುಕಿನಲ್ಲಿ ಹೇಗೆ ವರ್ತಿಸಿತೆಂಬುದರ ವಿವರವನ್ನಷ್ಟೇ ಬರೆದಿಡುತ್ತದೆ. ಅತ್ಯುತ್ತಮ ಗುಣಮಟ್ಟದಲ್ಲೂ ಒಂದು ತುಣುಕಿಗೆ ಕಡತದಲ್ಲಿ 32 ಬೈಟ್ ಸಾಕು. 32ನ್ನು 50ರಿಂದ, ಮತ್ತೆ 60ರಿಂದ ಗುಣಿಸಿ ನೋಡಿ. ನಿಮಿಷಕ್ಕೆ 96,000 ಬೈಟ್, ಎಂದರೆ ಮೊದಲಿನ ಹತ್ತನೇ ಒಂದು ಭಾಗ. 32 ಮೆಗಾಬೈಟಿನ ಕಾರ್ಡಿನಲ್ಲಿ ಐದು ಗಂಟೆಗೂ ಮೀರಿದ ಮಾತು ಹಿಡಿಸುತ್ತದೆ.

ನೋಕಿಯಾದ ಹಲವು ಮಾದರಿಗಳಲ್ಲಿ ಸಂಭಾಷಣೆ ಮುದ್ರಿಸುವಾಗ ಕೆಲವು ಸೆಕೆಂಡುಗಳಿಗೊಮ್ಮೆ ಇಬ್ಬರಿಗೂ ಬೀಪ್ ಕೇಳುತ್ತಿತ್ತು. ಕೆಲವರು ಇದನ್ನು ಕಿರಿಕಿರಿ ಎಂದರು. ಆದರೆ ಅದು ಬೇಕೆಂದೇ ಇಟ್ಟದ್ದು. ‘ನಿಮ್ಮ ಮಾತು ಮುದ್ರಣವಾಗುತ್ತಿದೆ’ ಎಂದು ಎದುರಿನವರಿಗೆ ತಿಳಿಯಲೇಬೇಕಲ್ಲವೇ?

ನಾಲ್ಕನೆಯದು: ಇಡುವುದು

ಮಾತು ಮುಗಿದ ಮೇಲೆ ಕರೆಯನ್ನು ಮುಗಿಸಬೇಕು. ಎದುರಿನವರು ಇಟ್ಟರೆ ಜಾಲವೇ ಸುದ್ದಿ ಕೊಡುತ್ತದೆ. ಇಡದೆ ಮರೆತರೆ? ಅದಕ್ಕಾಗಿ ಒಂದು ಅಥವಾ ಎರಡು ನಿಮಿಷದ ಮಿತಿಯನ್ನು ಹಾಕಿಕೊಳ್ಳಬೇಕು. ಮಿತಿ ಇಲ್ಲದಿದ್ದರೆ ಜೇಬಿನಲ್ಲಿ ಒತ್ತಿಹೋದ ಒಂದು ಕರೆ ಇಡೀ ಕಾರ್ಡನ್ನು ತುಂಬೀತು, ಕರೆ ಮಾಡಿದವರ ಹಣವನ್ನೂ ಕರಗಿಸೀತು.

ರೂಪಾಯಿಯ ಪ್ರಶ್ನೆ

ಹಣದ ಮಾತು ಬಂದದ್ದರಿಂದ ನಮ್ಮ ದೇಶದ ಒಂದು ಸಂಗತಿಯನ್ನು ಹೇಳಲೇಬೇಕು. 2003ರ ಮೇ 1ರವರೆಗೆ ನಮ್ಮಲ್ಲಿ ಮೊಬೈಲಿಗೆ ಬಂದ ಕರೆಗೂ ಹಣ ಕೊಡಬೇಕಿತ್ತು. ಆಮೇಲೆ ಕರೆ ಮಾಡಿದವರೇ ಕೊಡುವ ಪದ್ಧತಿ ಬಂತು. ಎತ್ತದ ಕರೆಗೆ ಯಾರಿಗೂ ಖರ್ಚಿಲ್ಲ. ಇದರಿಂದ ಬೆಳೆದದ್ದು ನಮ್ಮ ‘ಮಿಸ್ಡ್ ಕಾಲ್’ ಎಂಬ ಬಿಟ್ಟಿ ಭಾಷೆ.

ಧಾರವಾಡದ ಹಾಸ್ಟೆಲು ಸೇರಿದ ಹುಡುಗ ಶಿರಸಿಯಲ್ಲಿರುವ ತಾಯಿಗೆ ಹೇಳಿರುತ್ತಾನೆ: ‘ಅಮ್ಮಾ, ಮುಟ್ಟಿದ ಕೂಡಲೇ ಎರಡು ರಿಂಗ್ ಕೊಡ್ತೇನೆ, ಎತ್ತಬೇಡ.’ ಆ ಎರಡು ರಿಂಗಿನಲ್ಲಿ ‘ಕ್ಷೇಮವಾಗಿ ತಲುಪಿದೆ’ ಎಂಬ ಇಡೀ ಪತ್ರವಿದೆ. ಈಗ ತಾಯಿಯ ಫೋನಿನಲ್ಲಿ ಯಾರೋ ಉತ್ತರಿಸುವ ತಂತ್ರಾಂಶ ಹಾಕಿ, ಕಾಯುವ ಸಮಯವನ್ನು ಐದು ಸೆಕೆಂಡಿಗೆ ಇಟ್ಟಿದ್ದಾರೆ ಎನ್ನೋಣ. ಎರಡನೆಯ ರಿಂಗಿಗೇ ಯಂತ್ರ ಎತ್ತುತ್ತದೆ. ನಿಮಿಷದ ಲೆಕ್ಕದಲ್ಲಿ ದರ ಹಾಕುತ್ತಿದ್ದ ಯೋಜನೆಗಳಲ್ಲಿ ಮೂರು ಸೆಕೆಂಡಾದರೂ ಪೂರ್ತಿ ನಿಮಿಷದ ಹಣ. ಕ್ಷೇಮಸಮಾಚಾರ ತಿಳಿಸಿದ್ದಕ್ಕೆ ಹುಡುಗನಿಗೆ ದಂಡ!

ತಾಯಿಗೂ ನಷ್ಟವೇ. ಪರದೆಯ ಮೇಲೆ ‘ತಪ್ಪಿದ ಕರೆ’ ಎಂಬ ಗುರುತಿನ ಬದಲು ಏನೂ ಇಲ್ಲದ ಒಂದು ಖಾಲಿ ಸಂದೇಶ. ಆದ್ದರಿಂದ ಒಳ್ಳೆಯ ತಂತ್ರಾಂಶದಲ್ಲಿ ‘ಈ ಸಂಖ್ಯೆಗಳಿಗೆ ಉತ್ತರಿಸಬೇಡ’ ಎಂಬ ಪಟ್ಟಿ ಇರಬೇಕು. ಯಂತ್ರ ಉತ್ತರ ಕೊಟ್ಟಾಗ ಎದುರಿನವರ ಪರ್ಸಿನಿಂದ ಹಣ ಹೋಗುತ್ತದೆ, ಅವರ ಧ್ವನಿ ನಮ್ಮ ವಶಕ್ಕೆ ಬರುತ್ತದೆ. ಅವರಿಗೆ ತಿಳಿಸದೆ ಇದನ್ನು ಮಾಡುವುದು ಸಭ್ಯತೆಯಲ್ಲ.

ಬಾಗಿಲು ಮತ್ತೆ ಮುಚ್ಚಿತು

2006ರ ಸುಮಾರಿಗೆ ಬಂದ ಹೊಸ ಸಿಂಬಿಯನ್ ಫೋನುಗಳಲ್ಲಿ ಭದ್ರತೆ ಬಿಗಿಯಾಯಿತು. ತಂತ್ರಾಂಶಕ್ಕೆ ಅಧಿಕೃತ ಮುದ್ರೆ ಬೇಕಾಯಿತು, ಹಳೆಯವು ಹೊಸ ಫೋನುಗಳಲ್ಲಿ ನಡೆಯಲಿಲ್ಲ. ಇದಕ್ಕೆ ಕಾರಣವೂ ಇತ್ತು. ಕದ್ದು ಕರೆ ಎತ್ತಿ ಸುತ್ತಲಿನ ಮಾತನ್ನು ಹೊರಗೆ ಕಳುಹಿಸುವ ದುಷ್ಟ ತಂತ್ರಾಂಶಕ್ಕೂ ಬೇಕಾದದ್ದು ಇದೇ ನಾಲ್ಕು ಹೆಜ್ಜೆಗಳು.

2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಬಂತು. ಕರೆಯ ನಡುವೆ ಕಡತದ ಧ್ವನಿಯನ್ನು ಸಂಭಾಷಣೆಗೆ ಸೇರಿಸಲಾಗದು ಎಂದು ಆಂಡ್ರಾಯ್ಡ್ ತನ್ನ ಕೈಪಿಡಿಯಲ್ಲೇ ಬರೆಯಿತು. ಹೊರಗಿನವರಿಗೆ ಮುಚ್ಚಿದ ಈ ಬಾಗಿಲನ್ನು ತಯಾರಕರು ತಮಗಾಗಿ ತೆರೆದುಕೊಂಡರು. 2018ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಲ್ಲಿ, ಕರೆ ಮಾಡಿದವರನ್ನು ‘ಯಾರು, ಏಕೆ’ ಎಂದು ತಾನೇ ವಿಚಾರಿಸುವ ಸೌಲಭ್ಯ ಕೊಟ್ಟಿತು. 2023ರಲ್ಲಿ ಆಪಲ್ ಕಂಪನಿ, ಸಂದೇಶ ಬಿಡುತ್ತಿರುವವರ ಮಾತನ್ನು ಆಗಿಂದಾಗಲೇ ಅಕ್ಷರವಾಗಿಸಿ ತೋರಿಸುವ ಏರ್ಪಾಡು ತಂದಿತು. ಹಿಂದೆ ದೂರವಾಣಿ ಕಂಪನಿ ನಿಂತಿದ್ದ ಬಾಗಿಲಲ್ಲಿ ಈಗ ಫೋನು ತಯಾರಕರು ನಿಂತಿದ್ದಾರೆ.

ಬೀರುವಿನಲ್ಲಿರುವ ಧ್ವನಿ

ಕೊನೆಯದಾಗಿ ಒಂದು ಪ್ರಯೋಜನದ ಮಾತು. ಸಂದೇಶ ಉಳಿಯುವುದು ಎಲ್ಲಿ? ಜಾಲದ ‘ವಾಯ್ಸ್ ಮೇಲ್’ ಸೇವೆಯಲ್ಲಿ ಧ್ವನಿ ಕಂಪನಿಯ ಗಣಕದಲ್ಲಿರುತ್ತದೆ. ಫೋನು ಬಂದಾಗಿದ್ದರೂ ಅದು ಕೆಲಸ ಮಾಡುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. ಆದರೆ ಅವಧಿ ಮುಗಿದರೆ, ಸಂಪರ್ಕ ರದ್ದಾದರೆ ಆ ಧ್ವನಿಯೂ ಹೋಗುತ್ತದೆ. ಫೋನಿನ ತಂತ್ರಾಂಶ ಫೋನು ಬಂದಾದರೆ ನಿರುಪಯೋಗಿ. ಆದರೆ ಅದು ಮುದ್ರಿಸಿದ ಧ್ವನಿ ನಿಮ್ಮ ಮನೆಯಲ್ಲೇ, ಬೀರುವಿನ ಮೂಲೆಯ ಆ ಹಳೆಯ ಫೋನಿನಲ್ಲೇ ಇರುತ್ತದೆ. ಅದರಲ್ಲಿ ಈಗಿಲ್ಲದ ಅಜ್ಜನ ಅರ್ಧ ನಿಮಿಷದ ಮಾತೂ ಇದ್ದೀತು.

ಅಂಥ ಫೋನು ನಿಮ್ಮ ಮನೆಯಲ್ಲಿದ್ದರೆ ಹೀಗೆ ಮಾಡಿ. ಬ್ಯಾಟರಿ ಉಬ್ಬಿದ್ದರೆ ಅದನ್ನು ಚಾರ್ಜಿಗೆ ಹಾಕಬೇಡಿ, ಬದಲಿಸಿ. ಕೆಲವು ಹಳೆಯ ಮಾದರಿಗಳು ಸಿಮ್ ಇಲ್ಲದೆ ತೆರೆದುಕೊಳ್ಳುವುದಿಲ್ಲ, ಬಳಕೆಯಲ್ಲಿಲ್ಲದ ಹಳೆಯ ಸಿಮ್ ಇದ್ದರೂ ಸಾಕಾಗಬಹುದು. ಫೋನು ನಿಧಾನವಾಯಿತೆಂದು ‘ಮೊದಲಿನ ಸ್ಥಿತಿಗೆ ತರುವ’ ಆಜ್ಞೆ ಕೊಡಬೇಡಿ. ಉತ್ತರಿಸುವ ತಂತ್ರಾಂಶವನ್ನು ತೆಗೆದುಹಾಕಲೂ ಬೇಡಿ, ಅದರೊಡನೆ ಸಂದೇಶಗಳೂ ಅಳಿದುಹೋಗಬಹುದು. ಕಾರ್ಡನ್ನು ತೆರೆದು, ಇಲ್ಲವೇ ಬ್ಲೂಟೂತ್ ಮೂಲಕ ಕಡತಗಳನ್ನು ಗಣಕಕ್ಕೆ ಸಾಗಿಸಿ. ಹೆಸರಿನ ಕೊನೆಯಲ್ಲಿ ‘ಎಎಂಆರ್’ ಎಂದಿದ್ದರೆ ಅದು ಧ್ವನಿ. ವಿಎಲ್‌ಸಿಯಂಥ ಉಚಿತ ತಂತ್ರಾಂಶದಲ್ಲಿ ಅದು ನುಡಿಯುತ್ತದೆ. ಯಾರ ಧ್ವನಿ, ಯಾವ ವರ್ಷದ್ದು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಎರಡು ಕಡೆ ಪ್ರತಿ ಮಾಡಿಡಿ.

ನಿಮಿಷಕ್ಕೆ 96,000 ಬೈಟ್. ಇಂದಿನ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೆ ಮನೆಯವರೆಲ್ಲ ಸುತ್ತ ಕುಳಿತು ಆ ಕಡತವನ್ನು ತೆರೆದಾಗ ‘ಏನಪ್ಪಾ, ಫೋನ್ ಎತ್ತೋದೇ ಇಲ್ವಲ್ಲ ನೀನು’ ಎಂಬ ಅಜ್ಜನ ಧ್ವನಿ ಕೇಳಿದರೆ, ಪೌಲ್ಸನ್ ಉಕ್ಕಿನ ತಂತಿಯ ಮುಂದೆ ಕುಳಿತು ಬಯಸಿದ್ದು ಏನನ್ನು ಎಂಬುದು ನಿಮಗೆ ಅರ್ಥವಾಗುತ್ತದೆ.