ಬೆಂಕಿಬೆಟ್ಟದ ಬುಡದಲ್ಲಿ ಒಂದು ಹಳೆಯ ಬಾಟಲಿ

ಕ್ಲೆರ್ಮೋನ್-ಫೆರಾಂ ಊರಿನ ಕೆಥೆಡ್ರಲ್ ಕಂಡಾಗ ಹೊಗೆ ಹಿಡಿದಿರಬೇಕು ಅಂದುಕೊಂಡೆ. ಹತ್ತಿರ ಹೋಗಿ ಗೋಡೆಯ ಮೇಲೆ ಕೈಯಾಡಿಸಿದೆ. ಬೆರಳಿಗೆ ಮಸಿ ಅಂಟಲಿಲ್ಲ. ಕಲ್ಲೇ ಕಪ್ಪು. 1248ರಲ್ಲಿ ಕೆಲಸ ಶುರುವಾದ ಈ ಕಟ್ಟಡಕ್ಕೆ ತಂದದ್ದು ಪಕ್ಕದ ವೋಲ್ವಿಕ್‌ನ ಲಾವಾ ಕಲ್ಲು. ಹೌದು, ಅದೇ ವೋಲ್ವಿಕ್, ಬಾಟಲಿ ನೀರಿನದು.

ಪಶ್ಚಿಮಕ್ಕೆ ತಿರುಗಿದರೆ ಮನೆಗಳ ಸಾಲಿನ ಮೇಲೆ ಪ್ಯೂಯಿ ದ ದೋಮ್, 1,465 ಮೀಟರ್ ಎತ್ತರ. ಹರಿಯಲಾರದಷ್ಟು ಮಂದವಾದ ಲಾವಾ ಬಿಲದ ಬಾಯಲ್ಲೇ ಗುಪ್ಪೆಗಟ್ಟಿದ್ದರಿಂದ ಆದ ಬೆಟ್ಟ ಇದು. ತಟ್ಟೆಯಲ್ಲಿ ಮುದ್ದೆ ಇಟ್ಟ ಹಾಗಿದೆ. ವಯಸ್ಸು ಸುಮಾರು 11 ಸಾವಿರ ವರ್ಷ. ಬೆಟ್ಟಗಳ ಲೆಕ್ಕದಲ್ಲಿ ಇನ್ನೂ ಹಸುಗೂಸು. ಇದೂ ಸೇರಿ ಸುಮಾರು 80 ಅಗ್ನಿಪರ್ವತಗಳು ಸಾಲಾಗಿ ನಿಂತಿರುವ ಈ ಸೀಮೆಯನ್ನು ಯುನೆಸ್ಕೊ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಾನು ಬಂದದ್ದು ಬೆಟ್ಟ ಹತ್ತಲು ಅಲ್ಲ. ಊರಿನ ಉತ್ತರಕ್ಕೆ ಶಾತೋಗೇ ಎಂಬ ಹಳ್ಳಿಯಿದೆ. ಅಲ್ಲಿ ಕಪ್ಪು ಕಲ್ಲಿನದೇ ಒಂದು ಹಳೆಯ ಕೋಟೆಗೋಪುರ, ಅದರ ಕೆಳಗಿನ ಇಳಿಜಾರಿನಲ್ಲಿ ದ್ರಾಕ್ಷಿ ಬಳ್ಳಿ. ಓವೆರ್ನ್ಯ ಸೀಮೆಯ ವೈನ್ ಹೆಸರಿಗೆ 2011ರಲ್ಲಿ ಸರಕಾರಿ ಮುದ್ರೆ ಸಿಕ್ಕಿದೆ. ಆ ಹೆಸರಿನ ಜೊತೆಗೆ ತಮ್ಮ ಜಾಗದ ಹೆಸರನ್ನೂ ಹಾಕಿಕೊಳ್ಳುವ ಹಕ್ಕು ಐದು ಕಡೆಯವರಿಗೆ ಮಾತ್ರ: ಮದಾರ್ಗ್, ಶಾತೋಗೇ, ಶಾಂತ್ಯೂರ್ಗ್, ಕೊರಾಂ, ಬೂದ್.

ತೋಟದ ಯಜಮಾನರು ಬಳ್ಳಿ ತೋರಿಸುವ ಮೊದಲು ಒಂದು ಕಲ್ಲು ಎತ್ತಿ ನನ್ನ ಅಂಗೈಗಿಟ್ಟರು. ಹೊತ್ತಿಳಿಯುತ್ತಿತ್ತು, ಗಾಳಿ ತಣ್ಣಗಿತ್ತು; ಕಲ್ಲು ಮಾತ್ರ ಒಲೆಯ ಪಕ್ಕದಲ್ಲಿಟ್ಟ ಹಾಗೆ ಬೆಚ್ಚಗಿತ್ತು. ಬಸಾಲ್ಟ್. ಹಗಲು ಬಿಸಿಲು ಕುಡಿದು ಇರುಳಿಗೆ ಉಗುಳುತ್ತದೆ. ಇಷ್ಟು ಉತ್ತರದಲ್ಲಿ, ಇಷ್ಟು ಎತ್ತರದಲ್ಲಿ ದ್ರಾಕ್ಷಿ ಹಣ್ಣಾಗಲು ಅಷ್ಟು ಸಹಾಯವೂ ಬೇಕು.

ಈ ಗುಡ್ಡಗಳದೇ ಒಂದು ವಿಚಿತ್ರ. ಲಕ್ಷಾಂತರ ವರ್ಷಗಳ ಹಿಂದೆ ಲಾವಾ ಹರಿದದ್ದು ಆಗಿನ ಕಣಿವೆಗಳಲ್ಲಿ. ಆಮೇಲೆ ಅಕ್ಕಪಕ್ಕದ ಮೆದು ಮಣ್ಣು ಮಳೆಗೆ ಕೊಚ್ಚಿಹೋಯಿತು, ಗಟ್ಟಿ ಲಾವಾ ಉಳಿಯಿತು. ಅಂದಿನ ಹಳ್ಳ ಇಂದು ಗುಡ್ಡದ ನೆತ್ತಿ. ಬಳ್ಳಿ ಇರುವುದು ಅದರ ಪಕ್ಕೆಯಲ್ಲಿ. ಕೆಳಗೆ ಸುಣ್ಣ ಬೆರೆತ ಜೇಡಿ, ಮೇಲಿಂದ ಉರುಳಿ ಬಿದ್ದ ಬಸಾಲ್ಟ್ ಚೂರು. ‘ಅಗ್ನಿಪರ್ವತದ ಮಣ್ಣು’ ಎಂದು ಲೇಬಲ್ಲಿನವರು ಬರೆಯುವುದು ಅರ್ಧ ಸತ್ಯ.

ಮಳೆಯ ಕಥೆ ನಮಗೆ ಗೊತ್ತಿರುವುದೇ. ಪಶ್ಚಿಮದ ಮೋಡವನ್ನು ಬೆಟ್ಟಸಾಲು ಹಿಂಡಿಕೊಳ್ಳುತ್ತದೆ, ಈಚೆ ಬದಿಗೆ ಉಳಿಯುವುದು ಹನಿ. ಘಟ್ಟ ದಾಟಿದ ಮೇಲಿನ ಬಯಲುಸೀಮೆಯ ಹಾಗೆ. ಕ್ಲೆರ್ಮೋನ್ ಫ್ರಾನ್ಸಿನಲ್ಲಿ ಕಡಿಮೆ ಮಳೆಯಾಗುವ ನಗರಗಳಲ್ಲೊಂದು, ಮತ್ತು ಕಡಿಮೆ ಮಳೆ ಎಂದರೆ ಬಳ್ಳಿಗೆ ಬೂಷ್ಟು ಕಡಿಮೆ.

ಬಳಿಕ ಮನೆಯ ಕೆಳಗಿನ ನೆಲಮಾಳಿಗೆಗೆ ಇಳಿದೆವು. ಗೋಡೆ ತೇವ, ಕಿಟಕಿ ಇಲ್ಲ, ಬೇಸಿಗೆಯಲ್ಲೂ ಮೈಗೆ ಶಾಲು ಬೇಕೆನಿಸುವ ತಂಪು. ಇಲ್ಲಿನ ಮುಖ್ಯ ದ್ರಾಕ್ಷಿ ಗಮೇ, ಜೊತೆಗೆ ಪಿನೋ ನ್ವಾರ್. ಗಮೇಗೆ ಒಳ್ಳೆಯ ಹೆಸರಿಲ್ಲ. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಇದನ್ನು ತನ್ನ ಸೀಮೆಯಿಂದ ಕಿತ್ತೊಗೆಯಲು ಆಜ್ಞೆ ಮಾಡಿದ್ದ. ಇಂದಿಗೂ ಗಮೇ ಎಂದರೆ ಎಳೆಯದರಲ್ಲೇ ಕುಡಿದು ಮುಗಿಸುವ ವೈನ್ ಎಂದೇ ಲೋಕದ ತೀರ್ಮಾನ.

ಯಜಮಾನರು ಮೊದಲು ಅಂಥದ್ದನ್ನೇ ಸುರಿದರು. ನೇರಳೆ ಬಣ್ಣ, ಚೆರ್ರಿಯ ಹುಳಿ, ಒಳ್ಳೆಯದೇ. ಆಮೇಲೆ ಮೂಲೆಯಿಂದ ಲೇಬಲ್ ಇಲ್ಲದ, ಧೂಳು ಮೆತ್ತಿದ ಬಾಟಲಿ ಬಂತು. ಹನ್ನೆರಡು ವರ್ಷದ್ದು ಎಂದರು. ಬಿರಡೆ ಮುರಿಯಿತು, ಅವರು ಬೈದುಕೊಂಡು ಚೂರುಗಳನ್ನು ಸೋಸಿದರು. ಲೋಟದ ಅಂಚಿನಲ್ಲಿ ಬಣ್ಣ ಹಳೆಯ ಹೆಂಚಿನ ಕೆಂಪಿಗೆ ತಿರುಗಿತ್ತು. ಮೂಗಿಗೆ ಒಣ ಎಲೆ, ಮೊದಲ ಮಳೆ ಬಿದ್ದ ಅಂಗಳ, ಅದರ ಹಿಂದೆಯೇ ಕರಿಮೆಣಸು. ಹಸಿರು ಕಾಳಿನದಲ್ಲ, ಒಣಗಿಸಿ ಈಗಷ್ಟೇ ಕುಟ್ಟಿದ್ದು. ಎಳೆಯದರಲ್ಲಿದ್ದ ಒಗರು ನಾಲಿಗೆಯ ಮೇಲೆ ಮೆತ್ತಗಾಗಿತ್ತು, ಹುಳಿ ಮಾತ್ರ ಎಚ್ಚರವಾಗಿತ್ತು. ಆ ಹುಳಿಯೇ ಇದನ್ನು ಇಷ್ಟು ವರ್ಷ ಕಾಯ್ದದ್ದು ಎಂದು ನನಗನ್ನಿಸಿತು.

“ಅಗ್ನಿಪರ್ವತದ ರುಚಿ,” ಎಂದರು ಯಜಮಾನರು ಹೆಮ್ಮೆಯಿಂದ. ಎದುರಾಡಲಿಲ್ಲ, ಆದರೆ ನಾನು ಒಪ್ಪುವುದಿಲ್ಲ. ಬೇರು ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ಸಾಗಿಸುವುದಿಲ್ಲ. ಮೆಣಸಿನ ಘಮಕ್ಕೆ ಕಾರಣ ರೋಟಂಡೋನ್ ಎಂಬ ವಸ್ತು. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಅದನ್ನು ಶಿರಾಜ್ ದ್ರಾಕ್ಷಿಯಲ್ಲಿ ಗುರುತಿಸಿದರು, ಗಮೇಯಲ್ಲೂ ಅದಿದೆ. ಅದು ಹುಟ್ಟುವುದು ಹಣ್ಣಿನ ಸಿಪ್ಪೆಯಲ್ಲಿ, ತಂಪು ಹವೆಯಲ್ಲಿ ಹೆಚ್ಚುತ್ತದೆ. ನಮ್ಮ ಮಲೆನಾಡಿನ ಮೆಣಸಿನ ಕಾಳಿನ ಘಮದಲ್ಲಿ ಇರುವುದೂ ಇದೇ ವಸ್ತು. ಬೆಟ್ಟ ಮಾಡಿದ್ದು ಬೇರೆ ಕೆಲಸ: ಇಳಿಜಾರು ಕೊಟ್ಟಿತು, ನೀರು ಬಸಿದುಕೊಂಡಿತು, ಮಳೆ ತಡೆಯಿತು, ಕಲ್ಲು ಕಾಯಿಸಿತು. ಇದು ಕಡಿಮೆಯೇನಲ್ಲ. ಬೆಂಕಿಯ ಲಾವಾವೇ ವಿಜಯಪುರದ ಕಪ್ಪು ನೆಲಕ್ಕೂ ತಾಯಿ. ಅಲ್ಲಿನ ದ್ರಾಕ್ಷಿಯಲ್ಲಿ ಯಾರೂ ಹೊಗೆಯ ವಾಸನೆ ಹುಡುಕುವುದಿಲ್ಲವಲ್ಲ.

ಹೊರಗೆ ಬಂದಾಗ ಕೆಳಗಿನ ಬಯಲು ಕತ್ತಲಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಜಿಲ್ಲೆಯಲ್ಲಿ ಸುಮಾರು 45,000 ಹೆಕ್ಟೇರ್ ದ್ರಾಕ್ಷಿತೋಟವಿತ್ತು. ಬೇರು ತಿನ್ನುವ ಫಿಲಾಕ್ಸೆರಾ ಹುಳು ದಕ್ಷಿಣ ಫ್ರಾನ್ಸನ್ನು ಮೊದಲು ಮುಗಿಸಿದ್ದರಿಂದ ಇವರ ವೈನಿಗೆ ಒಮ್ಮೆಲೇ ಬೇಡಿಕೆ ಬಂದಿತ್ತು. ಸುಗ್ಗಿ ಹೆಚ್ಚು ದಿನ ನಡೆಯಲಿಲ್ಲ. ಹುಳು ಇಲ್ಲಿಗೂ ಬಂತು. ಹಿಂದೆಯೇ ಮಹಾಯುದ್ಧ, ಗಂಡಾಳುಗಳಿಲ್ಲದ ಹಳ್ಳಿ. ಉಳಿದವರನ್ನು 1889ರಲ್ಲಿ ಕ್ಲೆರ್ಮೋನ್‌ನಲ್ಲಿ ಹುಟ್ಟಿದ ಮಿಶೆಲಿನ್ ಟಯರ್ ಕಾರ್ಖಾನೆ ಕರೆದುಕೊಂಡಿತು. ಹಗಲು ಟಯರು, ಸಂಜೆ ಬಳ್ಳಿ ಎಂದು ಬದುಕಿದವರಿಂದಲೇ ಅಷ್ಟಿಷ್ಟು ತೋಟ ಉಳಿಯಿತು. ಈಗ ಮುದ್ರೆಯ ಹೆಸರಿನಲ್ಲಿ ಇರುವುದು ಕೆಲವೇ ನೂರು ಹೆಕ್ಟೇರ್.

ನೀವು ಆ ಕಡೆ ಹೋದರೆ ಹಳೆಯ ಬಾಟಲಿ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಕೇಳದವರಿಗೆ ಎಳೆಯದನ್ನೇ ಕೊಟ್ಟು ಕಳಿಸುತ್ತಾರೆ. ಸಿಕ್ಕಿದ್ದನ್ನು ತೆರೆಯುವ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ, ಚರಟ ತಳ ಸೇರಲಿ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ.