ಬೇರು ಕೇಳುವ ಗಾಳಿ

ಸೆಪ್ಟೆಂಬರಿನ ಮಳೆ ಎರಡು ದಿನ ಬಿಡದೆ ಹೊಡೆದ ಮೇಲೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆಯ ಮಾಳಿಗೆಯೊಂದನ್ನು ಹತ್ತಿ ನೋಡಿ. ಹಳೆಯ ಎಣ್ಣೆ ಡಬ್ಬಿಯಲ್ಲೋ ಅರ್ಧ ಕತ್ತರಿಸಿದ ಡ್ರಮ್ಮಿನಲ್ಲೋ ಒಂದು ಲಿಂಬೆ ಗಿಡ ಇರುತ್ತದೆ. ಕಾಯಿ ಹಣ್ಣಿಗೆ ತಿರುಗುವ ಹೊತ್ತು. ಮಣ್ಣು ಕೆಸರಾಗಿದೆ, ಎಲೆ ಮಾತ್ರ ಬಿಸಿಲಿಗೆ ಬಾಡಿದಂತೆ ಜೋತುಬಿದ್ದಿದೆ. ಕೆಳಗಿನಿಂದ ಯಾರೋ ಹಿರಿಯರು ಕೂಗುತ್ತಾರೆ: “ಗಿಡಾ ಬಾಡಾಕತ್ತೈತಿ, ಒಂದ್ ತಂಬಗಿ ನೀರ ಹಾಕವಾ!” ಆ ತಂಬಿಗೆಯೇ ಗಿಡವನ್ನು ಕೊಲ್ಲುತ್ತದೆ. ನಾನೂ ಒಂದು ಗಿಡವನ್ನು ಹೀಗೇ ಕಳೆದುಕೊಂಡಿದ್ದೇನೆ, ಅದೂ ಕಾಯಿ ತುಂಬಿದ್ದಾಗ.

ನೀರಲ್ಲೇ ನಿಂತ ಗಿಡ ಬಾಡುವುದೇಕೆ? ಬೇರು ಬರೀ ನೀರು ಹೀರುವ ಕೊಳವೆಯಲ್ಲ. ಅದೂ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಇರುವ ಗಾಳಿಯಿಂದ ಆಮ್ಲಜನಕ ತೆಗೆದುಕೊಂಡು ಸಕ್ಕರೆಯನ್ನು ಸುಡುತ್ತದೆ. ಆ ಶಕ್ತಿಯಿಂದಲೇ ಗೊಬ್ಬರದ ಅಂಶವನ್ನು ಒಳಗೆ ಎಳೆದುಕೊಳ್ಳುತ್ತದೆ. ಸಂದುಗಳಲ್ಲಿ ನೀರು ತುಂಬಿತೆಂದರೆ ಗಾಳಿಗೆ ದಾರಿ ಮುಚ್ಚಿದಂತೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನಲ್ಲಿ ಉಳಿದಷ್ಟನ್ನು ಬೇರು ಮತ್ತು ಸೂಕ್ಷ್ಮಜೀವಿಗಳು ಒಂದೆರಡು ದಿನದೊಳಗೇ ತಿಂದು ಮುಗಿಸುತ್ತವೆ. ಬೆಚ್ಚಗಿನ ಮಣ್ಣಿನಲ್ಲಿ ಇನ್ನೂ ಬೇಗ.

ಆಮೇಲೆ ಬೇರು ಆಮ್ಲಜನಕವಿಲ್ಲದೆ ಹೇಗೋ ಕಾಲ ತಳ್ಳುತ್ತದೆ. ಅದೇ ಸಕ್ಕರೆಯಿಂದ ಮೊದಲು 30ರಷ್ಟು ಶಕ್ತಿಕಣ ಬರುತ್ತಿದ್ದರೆ ಈಗ ಬರುವುದು ಎರಡೇ. ಜೀವಕೋಶದೊಳಗೆ ಹುಳಿ ಏರಿ, ನೀರನ್ನು ಒಳಬಿಡುವ ಸಣ್ಣ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಸುತ್ತ ನೀರು, ಒಳಗೆ ದಾಹ. ಬೇರಿನಿಂದ ಮೇಲಕ್ಕೆ ಹೋದ ಒಂದು ಸಂದೇಶ ಎಲೆಗಳಲ್ಲಿ ಇಥಿಲೀನ್ ಅನಿಲವಾಗುತ್ತದೆ. ಬಾಳೆಗೊನೆ ಹಣ್ಣಾಗಿಸುವ ಅನಿಲವೇ ಅದು. ಅದರಿಂದ ಎಲೆತೊಟ್ಟು ಕೆಳಕ್ಕೆ ಬಾಗುತ್ತದೆ, ಹಳೆಯ ಎಲೆ ಹಳದಿಯಾಗುತ್ತದೆ, ಕಾಯಿ ಉದುರುತ್ತದೆ. ಮಣ್ಣನ್ನು ಒಂದು ಗೇಣು ಕೆದಕಿ ಮೂಸಿ ನೋಡಿದಾಗ ಕೊಳೆತ ತತ್ತಿಯ ವಾಸನೆ ಬಂದರೆ ಗಾಳಿ ಮುಗಿದು ಬಹಳ ಹೊತ್ತಾಗಿದೆ ಎಂದರ್ಥ.

ಕುಂಡದಲ್ಲಿ ಈ ಕಾಟ ಹೊಲಕ್ಕಿಂತ ಹೆಚ್ಚು. ಅದಕ್ಕೆ ಕಾರಣವನ್ನು ಅಡುಗೆಮನೆಯಲ್ಲೇ ತೋರಿಸಬಹುದು. ಪಾತ್ರೆ ತಿಕ್ಕುವ ದಪ್ಪ ಸ್ಪಂಜನ್ನು ನೀರಲ್ಲಿ ಅದ್ದಿ, ಅಗಲವಾಗಿ ಮಲಗಿಸಿ ಹಿಡಿಯಿರಿ. ನೀರು ಸೋರಿ ಸೋರಿ ನಿಲ್ಲುತ್ತದೆ. ಈಗ ಅದನ್ನು ಹಿಂಡದೆ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಇಳಿಯುತ್ತದೆ! ಸ್ಪಂಜಿನಂತೆಯೇ ಮಣ್ಣಿನ ಸಂದುಗಳೂ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೇಲಿನ ನೀರಿನ ಭಾರ ಸಾಕಷ್ಟಾಗದೆ ತಳದ ತೂತಿನಿಂದ ಅದು ಹೊರಗೆ ಬೀಳುವುದಿಲ್ಲ. ಹಾಗಾಗಿ ಎಷ್ಟೇ ತೂತಿದ್ದರೂ ಪ್ರತಿ ಕುಂಡದ ತಳದಲ್ಲಿ ಒಂದು ಪದರ ಯಾವಾಗಲೂ ತೊಯ್ದೇ ಇರುತ್ತದೆ. ಅದರ ಎತ್ತರವನ್ನು ನಿರ್ಧರಿಸುವುದು ಮಣ್ಣಿನ ನಯ. ಉರುಟು ಗರಸು ಇದ್ದರೆ ಬೆರಳಗಲ, ನಮ್ಮ ಎರಿ ಮಣ್ಣಾದರೆ ಸಣ್ಣ ಕುಂಡದ ಕತ್ತಿನವರೆಗೂ ಹೋದೀತು. ತಳಕ್ಕೆ ಹೆಂಚಿನ ಚೂರು, ಕಲ್ಲು ಹಾಕಿದರೆ ನೀರು ಬಸಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ತಪ್ಪು. ಕಲ್ಲಿನ ಪದರದ ಮೇಲೇ ತೊಯ್ದ ಪದರ ಬಂದು ಕೂರುತ್ತದೆ, ಬೇರಿಗೆ ಉಳಿಯುವ ಒಣ ಜಾಗ ಇನ್ನೂ ಕಡಿಮೆಯಾಗುತ್ತದೆ. ತೂತು ಮುಚ್ಚದಂತೆ ಒಂದೇ ಒಂದು ಹೆಂಚಿನ ಚೂರು ಸಾಕು.

ಕೊಯ್ಲು ಹತ್ತಿರವಿರುವಾಗ ಏನು ಮಾಡುವುದು? ಕಿತ್ತು ಬೇರೆ ಮಣ್ಣಿಗೆ ಹಾಕಬೇಡಿ. ಮೊದಲೇ ಸೋತ ಬೇರಿನ ಎಳೆಗಳು ಹರಿದರೆ ಇರುವ ಕಾಯಿಯೂ ಹೋಗುತ್ತದೆ. ಕೆಳಗಿನ ತಟ್ಟೆ ತೆಗೆದು, ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಕೂರಿಸಿ, ತೂತಿರುವ ಬದಿ ಕೆಳಗಾಗುವಂತೆ ವಾಲಿಸಿಡಿ. ಸ್ಪಂಜಿನ ಆಟವೇ ಇಲ್ಲಿ ನಡೆಯುತ್ತದೆ, ಅರ್ಧ ಗಂಟೆಯಲ್ಲಿ ಆಶ್ಚರ್ಯವಾಗುವಷ್ಟು ನೀರು ಇಳಿಯುತ್ತದೆ. ತೂತಿನೊಳಗೆ ಹತ್ತಿ ಹಗ್ಗವನ್ನೋ ಹಳೆ ಸೀರೆಯ ಅಂಚನ್ನೋ ತೂರಿಸಿ ಒಂದು ಗೇಣು ಕೆಳಗೆ ಜೋತುಬಿಟ್ಟರೆ ಅದು ಇನ್ನಷ್ಟನ್ನು ಎಳೆದು ತೊಟ್ಟಿಕ್ಕಿಸುತ್ತದೆ. ಮೇಲ್ಮಣ್ಣು ಗಟ್ಟಿಯಾಗಿದ್ದರೆ ಕುಂಡದ ಅಂಚಿನ ಬದಿಯಲ್ಲಿ ಕಡ್ಡಿಯಿಂದ ನಾಲ್ಕಾರು ತೂತು ಮಾಡಿ, ಬುಡಕ್ಕೆ ಚುಚ್ಚಬೇಡಿ. ಎಲೆ ಜೋತಿದ್ದರೆ ಮಧ್ಯಾಹ್ನದ ಬಿಸಿಲಿನಿಂದ ನೆರಳಿಗೆ ಸರಿಸಿ, ಬೇರು ಒದಗಿಸಲಾಗದ ನೀರನ್ನು ಎಲೆಯಾದರೂ ಕಡಿಮೆ ಕೇಳಲಿ. ಗೊಬ್ಬರ ಈಗ ಬೇಡವೇ ಬೇಡ, ಉಸಿರಿಲ್ಲದ ಬೇರಿಗೆ ಅದು ಉಪ್ಪಿನ ಹೊರೆ.

ಹಣ್ಣಿನ ವಿಷಯ ಬೇರೆ. ಕೆಸರಿನಲ್ಲಿ ಫೈಟಾಫ್ತೊರಾ ಎಂಬ ಜೀವಿ ಎಚ್ಚರಾಗುತ್ತದೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಮಹಾಕ್ಷಾಮ ತಂದದ್ದು ಇದರ ಬಳಗದ್ದೇ. 1876ರಲ್ಲಿ ಆಂಟನ್ ಡಿ ಬಾರಿ ಕೊಟ್ಟ ಆ ಗ್ರೀಕ್ ಹೆಸರಿನ ಅರ್ಥ ‘ಗಿಡಗಳನ್ನು ಹಾಳುಮಾಡುವುದು’. ಅದರ ಬೀಜಾಣುಗಳಿಗೆ ಬಾಲವುಂಟು, ನೀರಲ್ಲಿ ಈಜಿ ಬೇರಿಗೆ ಹತ್ತುತ್ತವೆ. ಲಿಂಬೆಯ ಬೊಡ್ಡೆಯಲ್ಲಿ ಅಂಟು ಸೋರುವ ರೋಗವೂ ಇದರದ್ದೇ. ಮಳೆಹನಿ ಮಣ್ಣಿಗೆ ಬಡಿದು ಚಿಮ್ಮಿದಾಗ ಅದು ಕೆಳಗೊಂಬೆಯ ಹಣ್ಣಿಗೂ ಹಾರುತ್ತದೆ. ಆ ಹಣ್ಣು ಕಂದು ತಿರುಗಿ ಕೊಳೆಯುತ್ತದೆ, ಚೀಲಕ್ಕೆ ಸೇರಿದರೆ ಪಕ್ಕದವಕ್ಕೂ ಅಂಟಿಸುತ್ತದೆ. ಆದ್ದರಿಂದ ನೆಲದಿಂದ ಎರಡು ಮೂರು ಅಡಿಯೊಳಗಿನ ಬಲಿತ ಹಣ್ಣನ್ನು ಮೊದಲು ಬಿಡಿಸಿ ಬೇರೆಯೇ ಇಡಬೇಕು. ಬೆಳಗಿನ ಇಬ್ಬನಿಯಲ್ಲಿ ಮಾತ್ರ ಬಿಡಿಸಬೇಡಿ. ನೀರು ಕುಡಿದು ಬಿಗಿದ ಸಿಪ್ಪೆಯಲ್ಲಿ ಎಣ್ಣೆಯ ಗುಳ್ಳೆಗಳು ಒತ್ತಡದಲ್ಲಿರುತ್ತವೆ, ಸ್ವಲ್ಪ ಒತ್ತಿದರೂ ಒಡೆಯುತ್ತವೆ. ಆ ಎಣ್ಣೆ ತಗುಲಿದಲ್ಲಿ ಎರಡು ಮೂರು ದಿನಕ್ಕೆ ಕಪ್ಪು ಕಲೆ ಏಳುತ್ತದೆ. ಸಿಪ್ಪೆ ಒಣಗಿ ಸ್ವಲ್ಪ ಮೆತ್ತಗಾಗುವ ಹೊತ್ತು, ಮಧ್ಯಾಹ್ನದ ಮೇಲೆ, ಒಳ್ಳೆಯದು.

ಇಷ್ಟೆಲ್ಲ ಒಂದು ಡ್ರಮ್ಮಿನ ಕತೆ ಆಯಿತು. ಆದರೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕುಗಳ ಎರಿ ಹೊಲ ಕೂಡ ತಳವಿರುವ ದೊಡ್ಡ ಕುಂಡದಂತೆಯೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಹೆಪ್ಪುಗಟ್ಟಿದ ಕರಿಗಲ್ಲು ಸವೆದು ಆದ ಮಣ್ಣು ಇದು. ಅದರಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ನಯವಾದ ಜೇಡಿ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವ ಈ ನೆಲ ನೀರು ತಾಗಿದೊಡನೆ ಉಬ್ಬಿ ಬಿರುಕು ಮುಚ್ಚಿ, ಆಮೇಲೆ ಗಂಟೆಗೆ ಕೆಲವೇ ಮಿಲಿಮೀಟರ್ ನೀರನ್ನು ಒಳಬಿಡುತ್ತದೆ.

ಇಲ್ಲಿನ ಬೇಸಾಯದ ಬುದ್ಧಿಯೆಲ್ಲ ನೀರು ಹಿಡಿಯುವುದರಲ್ಲಿ ಬೆಳೆದದ್ದು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅದೂ ಸೆಪ್ಟೆಂಬರಿನಲ್ಲಿ ಹೆಚ್ಚು. ಬಿಳಿಜೋಳ ಆ ಹಸಿಯ ಮೇಲೆಯೇ ಚಳಿಗಾಲ ದಾಟುತ್ತದೆ. ಡೋಣಿ ಹೊಳೆಯ ಸಾಲಿನ ಹೊಲ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಅದಕ್ಕೇ ಹುಟ್ಟಿತು. ಒಡ್ಡು ಹಾಕು, ಚೌಕುಮಡಿ ಕಟ್ಟು, ಒಂದು ಹನಿಯೂ ಹೊಲ ಬಿಡದಿರಲಿ ಎಂಬುದೇ ಪಾಠ. 1930ರ ದಶಕದಿಂದ ವಿಜಯಪುರದ ಒಣಬೇಸಾಯ ಸಂಶೋಧನಾ ಕೇಂದ್ರ ಹೇಳುತ್ತ ಬಂದದ್ದೂ ಅದನ್ನೇ. ಅದು ಸರಿಯಾದ ಪಾಠವೇ. ನೀರು ಬಿಡುವ ಪಾಠವನ್ನು ಕಾಲುವೆ ಬರುವವರೆಗೆ ಯಾರೂ ಕಲಿಯಬೇಕಾಗಿರಲಿಲ್ಲ, ಅಷ್ಟೆ.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. ಅಂದಿನ ಬಸವನ ಬಾಗೇವಾಡಿ ತಾಲ್ಲೂಕಿನ ಊರು ಅದು. ಮುದ್ದೇಬಿಹಾಳದ ಅಂಚಿನ ನಾರಾಯಣಪುರದಿಂದ ಹೊರಟ ಕಾಲುವೆಯ ಕವಲು ಇಂಡಿಯ ಹೆಸರನ್ನೇ ಹೊತ್ತು ಉತ್ತರಕ್ಕೆ ಬಂತು. ಬರದ ನೆಲಕ್ಕೆ ಅದು ಬಂಗಾರ, ಅನುಮಾನವಿಲ್ಲ. ಆದರೆ ತಗ್ಗಿನ ಎರಿಯಲ್ಲಿ ಕಾಲುವೆ ನೀರು ಹೆಚ್ಚಾದಲ್ಲಿ ಹೊಲ ಜವಳು ಹಿಡಿಯಿತು. ನೀರು ಮೇಲಕ್ಕೆ ಬಂದು ಆವಿಯಾದಲ್ಲಿ ಉಪ್ಪು ಬಿಳಿಯಾಗಿ ಕೂತು ಸವಳಾಯಿತು. ‘ಸವಳು-ಜವಳು’ ಎಂದು ಜನ ಎರಡನ್ನೂ ಜೋಡಿಸಿಯೇ ಹೇಳುತ್ತಾರೆ. ಒಂದು ಬಂದಲ್ಲಿ ಇನ್ನೊಂದು ಬರುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ.

ಲಿಂಬೆಗೆ ಇನ್ನೊಂದು ಸಂಕಟ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು, ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ದರ ಏರುವುದು ಬೇಸಿಗೆಯಲ್ಲಿ. ಬೇಸಿಗೆಗೆ ಹಣ್ಣು ಬೇಕೆಂದರೆ ಮಳೆಗಾಲದ ಕೊನೆಗೆ ಹೂ ಬರಬೇಕು, ಹೂವಾದ ಮೇಲೆ ಹಣ್ಣಿಗೆ ಐದಾರು ತಿಂಗಳು. ಹೂ ಬರಲು ಅದಕ್ಕೆ ಮುಂಚೆ ಗಿಡಕ್ಕೆ ನೀರು ನಿಲ್ಲಿಸಿ ಒಣಗಿಸಬೇಕು. ಇಲ್ಲಿ ಮಳೆ ಜೋರಾಗಿ ಬೀಳುವುದೇ ಆಗ! ಹೀಗೆ ಹೂ ಬರಿಸಿ ಬೆಳೆ ತೆಗೆಯುವುದಕ್ಕೆ ‘ಹಸ್ತ ಬಹಾರ’ ಎನ್ನುತ್ತಾರೆ. ಆಕಾಶದ ಜೊತೆ ಜೂಜಾಡುವುದು ಎಂದರೂ ನಡೆದೀತು. ನೀರು ಬಸಿದುಹೋಗದ ತೋಟಕ್ಕೆ ಈ ಜೂಜು ಆಡುವ ಯೋಗವೂ ಇಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ತುಂಬಿ ಬಂದಾಗ ಇಂಡಿ, ಸಿಂದಗಿಯ ದಂಡೆಯ ಹೊಲಗಳಲ್ಲಿ ನೀರು ನಿಂತದ್ದು ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಗರಿಗೂ ಅದೇ ಗತಿ. ಬೇರಿನ ಗಂಟುಗಳಲ್ಲಿರುವ ಸಾರಜನಕದ ಜೀವಿಗಳಿಗೂ ಗಾಳಿ ಬೇಕು.

ಹೊಲದಲ್ಲಿ ಡ್ರಮ್ಮಿನಂತೆ ವಾಲಿಸಲಾಗದು, ತಗ್ಗು ಕೊಡಬಹುದು. ಸಾಲಿನ ಪಕ್ಕ ಇಳಿಜಾರಿನತ್ತ ಬಸಿಗಾಲುವೆ ತೆಗೆದು, ನಿಂತ ನೀರನ್ನು ಮೊದಲ ದಿನವೇ ಹೊರಗೆ ಹಾಕಬೇಕು. ಬೊಡ್ಡೆಗೆ ನೀರು ತಾಗದಂತೆ ಒಳಗೊಂದು ಹೊರಗೊಂದು ಉಂಗುರದ ಪಾತಿ ಮಾಡಿ ನಡುವಿನ ಸಾಲಿಗೆ ಮಾತ್ರ ನೀರು ಕೊಡಬೇಕು. ಹೊಸ ತೋಟವಾದರೆ ಏರುಮಡಿಯ ಮೇಲೆ ನೆಡುವುದು ಎಲ್ಲಕ್ಕಿಂತ ಅಗ್ಗದ ವಿಮೆ. ಮಳೆಗಾಲಕ್ಕೆ ಮೊದಲು ಬೊಡ್ಡೆಗೆ ಎರಡು ಅಡಿ ಎತ್ತರ ಬೋರ್ಡೋ ಮುಲಾಮು ಬಳಿಯುತ್ತಾರೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ ಈ ಮದ್ದು ವಿಜಯಪುರದ ದ್ರಾಕ್ಷಿಯವರಿಗೂ ಹಳೆಯ ಗೆಳೆಯ. ಕೊಯ್ಲಿನ ಹೊತ್ತಿಗೆ ಬೇರೆ ಔಷಧ ಸಿಂಪಡಿಸುವ ಮೊದಲು, ಸಿಂಪಡಿಸಿದ ಎಷ್ಟು ದಿನಕ್ಕೆ ಹಣ್ಣು ಬಿಡಿಸಬಹುದೆಂದು ಡಬ್ಬಿಯ ಮೇಲೆ ಓದಿಕೊಳ್ಳಿ.

ಹಣ್ಣು ಇಳಿಸಿಯಾದ ಮೇಲೆ ಮಾಳಿಗೆಯ ಡ್ರಮ್ಮನ್ನು ಬಿಚ್ಚಿ ನೋಡುವ ಹೊತ್ತು ಬರುತ್ತದೆ. ಬೇರಿನ ತುದಿ ಬಿಳಿಯಾಗಿದ್ದರೆ ಬದುಕಿದೆ. ಕಪ್ಪಾಗಿ, ಎಳೆದರೆ ಸಿಪ್ಪೆ ಕಳಚಿ ನೂಲಷ್ಟೇ ಉಳಿದರೆ ಅದನ್ನು ಕತ್ತರಿಸಿ ತೆಗೆದು, ಅಷ್ಟೇ ಪ್ರಮಾಣದಲ್ಲಿ ಮೇಲಿನ ಕೊಂಬೆಯನ್ನೂ ಸವರಬೇಕು. ಮಸಾರಿ ಮಣ್ಣು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಉರುಟು ಗರಸು ಸಮಪಾಲು ಹಾಕಿ ಮತ್ತೆ ನೆಟ್ಟು ನೆರಳಿನಲ್ಲಿಡಿ. ಹೊಸ ಚಿಗುರು ಕಣ್ಣುಬಿಡುವವರೆಗೆ ಅಂಗಡಿ ಗೊಬ್ಬರದ ಚೀಲ ಮೂಲೆಯಲ್ಲೇ ಇರಲಿ, ಮೇಲ್ಮಣ್ಣು ಒಣಗುವವರೆಗೆ ತಂಬಿಗೆಯೂ.