ಗುದದ್ವಾರದ ಜೋಲುಚರ್ಮ: ಅದರ ಸ್ವರೂಪ ಮತ್ತು ಉಪಚಾರ

ಗುದದ್ವಾರದ ಅಂಚಿನಲ್ಲಿ ಕೈಗೆ ತಗಲುವ, ನೋವಿಲ್ಲದ, ಮೆತ್ತನೆಯ ಚರ್ಮದ ತುಣುಕನ್ನು ಜನರು ಸಾಮಾನ್ಯವಾಗಿ ಮೂಲವ್ಯಾಧಿಯೆಂದೇ ಭಾವಿಸುತ್ತಾರೆ. ಕೆಲವರು ನಾಚಿಕೆಯಿಂದ ಅದನ್ನು ಯಾರಿಗೂ ತೋರಿಸದೆ ವರ್ಷಗಟ್ಟಲೆ ಕಳವಳಪಡುತ್ತಾರೆ; ಮತ್ತೆ ಕೆಲವರು ಅನರ್ಹರ ಕೈಗೆ ಸಿಕ್ಕಿ ಹೊಸ ಗಾಯವನ್ನು ಪಡೆಯುತ್ತಾರೆ. ಆದುದರಿಂದ ಈ ಜೋಲುಚರ್ಮದ ನಿಜಸ್ವರೂಪವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಗುದನಾಳದ ಒಳಗಿನ ರಕ್ತನಾಳಗಳ ಮೆತ್ತೆಗಳು ಉಬ್ಬಿ ಕೆಳಕ್ಕೆ ಜಾರುವುದು ಮೂಲವ್ಯಾಧಿ. ಜೋಲುಚರ್ಮದಲ್ಲಾದರೋ ಅಂತಹ ಉಬ್ಬಿದ ನಾಳಗಳಿಲ್ಲ. ಅದು ಹಿಗ್ಗಿ ಉಳಿದ ಚರ್ಮ ಮಾತ್ರ. ದ್ವಾರದ ಹೊರಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದಾಗ ಮೇಲಣ ಚರ್ಮ ಹಿಗ್ಗುತ್ತದೆ. ಹೆಪ್ಪು ಕರಗಿದರೂ ಚರ್ಮ ಮೊದಲಿನಂತೆ ಕುಗ್ಗುವುದಿಲ್ಲ. ಬಹುಕಾಲದ ಗುದಸೀಳಿನ ಹೊರತುದಿಯಲ್ಲಿಯೂ, ಹೆರಿಗೆಯ ತರುವಾಯವೂ ಇದು ಕಾಣಿಸಿಕೊಳ್ಳಬಹುದು. ಹೀಗೆ ಇದು ಬಹುಮಟ್ಟಿಗೆ ಹಿಂದಿನ ಬಾಧೆಯೊಂದರ ಗುರುತು, ಅರ್ಬುದವಲ್ಲ.

ಆ ಬಾಧೆಗಳಿಗೆ ಮುಖ್ಯ ಕಾರಣಗಳಲ್ಲಿ ಒಂದು ಮಲಬದ್ಧತೆ. ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಂತಹ ಊರುಗಳು ಬೆಂಗಳೂರು ನಗರದಲ್ಲಿ ಸೇರಿಹೋಗಿವೆ. ಹೊಲದ ದುಡಿಮೆಯ ಸ್ಥಾನದಲ್ಲಿ ಕುರ್ಚಿಯ ಉದ್ಯೋಗವೂ, ರಾಗಿಮುದ್ದೆಯ ಸ್ಥಾನದಲ್ಲಿ ಅನೇಕ ಮನೆಗಳಲ್ಲಿ ಬಿಳಿಯ ಅನ್ನವೂ ಬಂದಿವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಗಿರಣಿಯಲ್ಲಿ ಬಿಳಿಮಾಡಿದ ಅಕ್ಕಿಯಲ್ಲಿ ಸುಮಾರು 3 ಗ್ರಾಂ ಮಾತ್ರ. ರಾಗಿ, ಸೊಪ್ಪು, ಕಾಳುಗಳನ್ನೂ ಸಾಕಷ್ಟು ನೀರನ್ನೂ ಸೇವಿಸುವುದು, ಶೌಚದಲ್ಲಿ ತಿಣುಕದಿರುವುದು, ಅಲ್ಲಿ ಬಹಳ ಹೊತ್ತು ಕೂಡದಿರುವುದು ಇವೇ ಮೊದಲ ಉಪಾಯಗಳು. ಇವುಗಳಿಂದ ಇರುವ ಜೋಲುಚರ್ಮ ಮಾಯವಾಗದು. ಹೊಸದು ಹುಟ್ಟುವ ಸಂಭವ ಕಡಮೆಯಾಗುತ್ತದೆ.

ತೊಂದರೆ ಕೊಡದ ಜೋಲುಚರ್ಮಕ್ಕೆ ಚಿಕಿತ್ಸೆಯೇ ಬೇಕಿಲ್ಲ. ನೀರಿನಿಂದ ತೊಳೆದು ಉಜ್ಜದೆ ಒರಸಿಕೊಳ್ಳುವುದು, ಖಾರವಾದ ಸಾಬೂನನ್ನು ವರ್ಜಿಸುವುದು, ಉರಿಯಿದ್ದರೆ ಉಗುರುಬೆಚ್ಚನೆಯ ನೀರಿನಲ್ಲಿ 10-15 ನಿಮಿಷ ಕೂಡುವುದು ಸಾಕು. ತುರಿಕೆ ಅಥವಾ ಶುಚಿತ್ವದ ಅಡಚಣೆ ಹೆಚ್ಚಾದರೆ ಶಸ್ತ್ರವೈದ್ಯರು ಆ ಭಾಗವನ್ನಷ್ಟೇ ಮರಗಟ್ಟಿಸಿ ಅದನ್ನು ತೆಗೆಯಬಲ್ಲರು; ಗಾಯ ಮಾಯಲು ಕೆಲವು ವಾರಗಳು ಹಿಡಿಯುತ್ತವೆ. ಆದರೆ ಕರುಳಿನ ಕ್ರೋನ್ ರೋಗವಿರುವವರಲ್ಲಿ ಗಾಯ ಮಾಯದೆ ಉಳಿಯುವ ಭಯವುಂಟು. ಆದಕಾರಣ ಪರೀಕ್ಷೆಯಿಲ್ಲದೆ ಕತ್ತರಿಸಲಾಗದು. ಮನೆಯಲ್ಲಿ ದಾರ ಕಟ್ಟುವುದಾಗಲಿ, ಸುಡುವ ದ್ರವ ಹಚ್ಚಿಸಿಕೊಳ್ಳುವುದಾಗಲಿ ಸರ್ವಥಾ ಕೂಡದು. ಸುಶ್ರುತ ಸಂಹಿತೆಯು ಸಹ ಅರ್ಶಸ್ಸಿಗೆ ಔಷಧ, ಕ್ಷಾರ, ಅಗ್ನಿ, ಶಸ್ತ್ರಗಳೆಂಬ ನಾಲ್ಕು ಉಪಾಯಗಳನ್ನು ಹೇಳುವಾಗ ಯಾವುದು ಯಾವ ಬಗೆಗೆ ಸಲ್ಲುವುದೆಂದು ವಿಂಗಡಿಸಿಯೇ ಹೇಳಿದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಜೋಲುಚರ್ಮವು ನಿರಪಾಯಕರವೆಂಬ ಮಾತು ರಕ್ತಸ್ರಾವಕ್ಕೆ ಅನ್ವಯಿಸುವುದಿಲ್ಲ. ಮಲದಲ್ಲಿ ರಕ್ತ, ಮಲಪ್ರವೃತ್ತಿಯಲ್ಲಿ ಉಳಿದುಕೊಂಡ ಬದಲಾವಣೆ, ಕಾರಣವಿಲ್ಲದೆ ತೂಕ ಇಳಿಯುವುದು, ಗಟ್ಟಿಯಾಗಿ ಬೆಳೆಯುವ ಗಂಟು ಅಥವಾ ಮಾಯದ ಹುಣ್ಣು ಕಂಡಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು. ಅರ್ಬುದವನ್ನು ಮೂಲವ್ಯಾಧಿಯೆಂದು ತಿಳಿದು ಕಾಲ ಕಳೆಯುವುದೇ ಇಲ್ಲಿರುವ ನಿಜವಾದ ಅಪಾಯ. ಕೆಲವು ನಿಮಿಷಗಳ ಪರೀಕ್ಷೆಗೆ ನಾಚುವುದಕ್ಕಿಂತ ಅದನ್ನು ಮಾಡಿಸಿಕೊಂಡು ನಿಶ್ಚಿಂತರಾಗುವುದು ಲೇಸೆಂದು ನಾವು ಭಾವಿಸುತ್ತೇವೆ.